ಗಂಟು ಬಿದ್ದ ಮುದ್ದೆ

ಓದುಗರ ಪತ್ರ (ನಾಲ್ಕು ಪುಟದ ಕಾಗದದಿಂದ ಆಯ್ದ ಭಾಗ):
ಸಂಪಾದಕರಿಗೆ ನಮಸ್ಕಾರ. ನಾನು ಮುಳಬಾಗಿಲು ತಾಲ್ಲೂಕಿನ ಹಳ್ಳಿಯವಳು, ವಯಸ್ಸು 69. ಮದುವೆಯಾಗಿ ಬಂದ ದಿನದಿಂದ ಈ ಮನೆಯ ಮುದ್ದೆ ತಿರುವಿದವಳು ನಾನೇ. ಹೋದ ತಿಂಗಳು ಮೊದಲ ಸಲ ಮುದ್ದೆಯಲ್ಲಿ ಗಂಟು ಬಿತ್ತು. ಕೋಲು ತಿರುಗಿಸಲು ಮಣಿಕಟ್ಟಿನಲ್ಲಿ ಬಲವೇ ಇರಲಿಲ್ಲ. ಯಾರೂ ಏನೂ ಅನ್ನಲಿಲ್ಲ. ನಮ್ಮ ಮನೆಯವರು ಗಂಟುಗಳನ್ನು ಒಂದೊಂದಾಗಿ ಬಿಡಿಸಿ ತಟ್ಟೆಯ ಅಂಚಿಗಿಟ್ಟು, ಸುಮ್ಮನೆ ಉಂಡು ಎದ್ದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ರಂಗೋಲಿಗೆ ಕೂತರೆ ಏಳಲಾಗುವುದಿಲ್ಲವೆಂದು ಸೊಸೆ ಬಾಗಿಲ ಮುಂದೆ ಸ್ಟಿಕ್ಕರ್ ರಂಗೋಲಿ ಅಂಟಿಸಿದ್ದಾಳೆ. ಬೆಂಗಳೂರಿನಲ್ಲಿರುವ ದೊಡ್ಡ ಮಗ ದಿನವೂ ಫೋನು ಮಾಡಿ ‘ಸುಮ್ಮನೆ ಕೂತಿರಮ್ಮ’ ಎನ್ನುತ್ತಾನೆ. ‘ವಿನಾ ದೈನ್ಯೇನ ಜೀವನಂ’ ಎಂದು ನಿತ್ಯ ಬೇಡಿಕೊಂಡವಳಿಗೆ ಈ ಗತಿ. ವಯಸ್ಸಾಯಿತು, ಒಪ್ಪಿಕೋ ಎಂದು ಎಲ್ಲರೂ ಹೇಳುತ್ತಾರೆ. ಒಪ್ಪಿಕೊಳ್ಳುವುದೆಂದರೆ ಏನು ಮಾಡುವುದು? ಅದನ್ನು ಯಾರೂ ಹೇಳುವುದಿಲ್ಲ. ದಯವಿಟ್ಟು ಹೆಸರು ಹಾಕಬೇಡಿ.

ಸಂಪಾದಕರ ಉತ್ತರ:
ಅಕ್ಕ, ನಿಮಗಿಂತ ಮೂರು ವರ್ಷ ಚಿಕ್ಕವನು ನಾನು, ಅದಕ್ಕೇ ಹೀಗೆ ಕರೆಯುತ್ತಿದ್ದೇನೆ. ನಿಮ್ಮ ಕಾಗದ ಹದಿನೈದು ದಿನ ನನ್ನ ಮೇಜಿನ ಮೇಲೆಯೇ ಇತ್ತು. ನಾಲ್ಕು ಪುಟ. ಮೂರನೆಯ ಪುಟದಲ್ಲಿ ಪೆನ್ನು ಬದಲಾಗಿದೆ, ಅಕ್ಷರಗಳು ಗೆರೆ ಬಿಟ್ಟು ಕೆಳಗಿಳಿದಿವೆ. ಒಂದೇ ಕೂತಿಗೆ ಬರೆದದ್ದಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ. ಮುದ್ದೆಗೆ ಸಿಗದ ಬಲವನ್ನು ಈ ಕಾಗದಕ್ಕೆ ಎಲ್ಲಿಂದಲೋ ತಂದಿದ್ದೀರಿ.

ಒಪ್ಪಿಕೊಳ್ಳುವ ಮಾತು ಆಮೇಲೆ ಆಡೋಣ. ಮೊದಲು ಮಣಿಕಟ್ಟು. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆಯೇ? ಕೈ ಕೊಡವಿದರೆ ಹಗುರವಾಗುತ್ತದೆಯೇ? ಹಿಡಿದ ಲೋಟ ಜಾರುತ್ತದೆಯೇ? ಹೌದಾದರೆ ಅದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಲಕ್ಷಣ ಇರಬಹುದು. ಹೆಂಗಸರಲ್ಲಿ ಇದು ಹೆಚ್ಚು. ಸಕ್ಕರೆ ಕಾಯಿಲೆಯವರಿಗೂ ಥೈರಾಯ್ಡ್ ತೊಂದರೆ ಇರುವವರಿಗೂ ಬರುವುದುಂಟು. ರಾತ್ರಿ ಕಟ್ಟಿಕೊಳ್ಳುವ ಪಟ್ಟಿಯಿಂದ ಹಿಡಿದು ಸಣ್ಣ ಶಸ್ತ್ರಚಿಕಿತ್ಸೆಯವರೆಗೆ ಇದಕ್ಕೆ ಚಿಕಿತ್ಸೆ ಇದೆ. ನಾನು ವೈದ್ಯನಲ್ಲ, ಕಾಗದ ನೋಡಿ ಕಾಯಿಲೆ ಹೇಳುವ ಧೈರ್ಯವೂ ನನಗಿಲ್ಲ. ಆದರೆ ನಾಲ್ಕು ಪುಟದಲ್ಲಿ ಒಂದು ಕಡೆಯೂ ‘ಡಾಕ್ಟರಿಗೆ ತೋರಿಸಿದೆ’ ಎಂಬ ಮಾತು ಕಾಣಲಿಲ್ಲವಾದ್ದರಿಂದ ಇಷ್ಟು ಹೇಳಬೇಕಾಯಿತು.

ಎರಡನೆಯದು ನೀರು. ನೀವಿರುವ ಕೋಲಾರದ ಕಡೆ, ಚಿಕ್ಕಬಳ್ಳಾಪುರದ ಬಾಗೇಪಲ್ಲಿಯ ಕಡೆ, ಅತ್ತ ತುಮಕೂರಿನ ಪಾವಗಡದಲ್ಲಿ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿಯೇನಲ್ಲ. ಬಂಡೆಯೊಳಗಿನದ್ದು ನೀರಿಗಿಳಿಯುತ್ತದೆ. ನಾವು ಸಾವಿರ ಅಡಿ ದಾಟಿ ಕೊರೆದು ಅದನ್ನು ಮೇಲಕ್ಕೆ ಎತ್ತುತ್ತೇವೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ಮಿತಿ. ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಕಲೆ, ದೊಡ್ಡವರ ಬೆನ್ನಿಗೆ, ಕೀಲಿಗೆ ಬಿಗಿತ. ಕೂತರೆ ಏಳಲಾಗದ, ಕತ್ತು ತಿರುಗಿಸಲಾಗದ ಎಷ್ಟೋ ಜನ ಅದನ್ನು ಮುಪ್ಪು ಎಂದುಕೊಂಡೇ ಮಣ್ಣಾದರು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನು, ಮುದ್ದೆಯ ಎಸರಿಗೆ ಮಾತ್ರ ನಲ್ಲಿಯ ನೀರು ಎನ್ನುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ನಿಮ್ಮಲ್ಲೂ ಹಾಗಿದ್ದರೆ ಇವತ್ತೇ ಬಿಡಿ. ಆದ ಹಾನಿ ಹಿಂದಕ್ಕೆ ಬಾರದಿದ್ದರೂ ಮುಂದಿನದ್ದು ತಪ್ಪುತ್ತದೆ, ಮೊಮ್ಮಕ್ಕಳಿಗಂತೂ ತಪ್ಪುತ್ತದೆ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಒಪ್ಪಿಕೊಳ್ಳಬಾರದ್ದನ್ನು ಒಪ್ಪಿಕೊಂಡು ಪೆಟ್ಟು ತಿಂದವನು ನಾನು. ಐದಾರು ವರ್ಷದ ಹಿಂದೆ ಕರಡು ತಿದ್ದುವಾಗ ಅಕ್ಷರಗಳು ಮಸುಕಾಗತೊಡಗಿದವು. ವಯಸ್ಸಾಯಿತು, ಇನ್ನೇನು ಎಂದುಕೊಂಡು ದೀಪ ಹತ್ತಿರ ಎಳೆದುಕೊಂಡೆ. ಆ ತಿಂಗಳ ಸಂಚಿಕೆಯಲ್ಲಿ ಹಿರಿಯ ಶಿಕ್ಷಕರೊಬ್ಬರ ಸನ್ಮಾನದ ವರದಿ ಇತ್ತು. ಶೀರ್ಷಿಕೆ ‘ಹಿರಿಯರ ಶ್ರದ್ಧೆ ನಮಗೆ ಮಾದರಿ’ ಎಂದಿರಬೇಕಿತ್ತು. ಅಚ್ಚಾದದ್ದು ‘ಹಿರಿಯರ ಶ್ರಾದ್ಧ ನಮಗೆ ಮಾದರಿ’. ಅವರೇ ಫೋನು ಮಾಡಿ, “ವಡೆ ಪಾಯಸ ಯಾವತ್ತು ಎಂದು ತಿಳಿಸಿದರೆ ನಾನೂ ಬರುತ್ತೇನೆ” ಎಂದರು. ಪುಣ್ಯಾತ್ಮ, ನಕ್ಕುಬಿಟ್ಟರು. ಕಣ್ಣಿನ ಡಾಕ್ಟರು ನೋಡಿ ಪೊರೆ ಬಂದಿದೆ ಎಂದರು. ಒಂದು ಬೆಳಗ್ಗೆಯ ಕೆಲಸ, ಪೊರೆ ತೆಗೆದು ಮಸೂರ ಕೂರಿಸಿದರು. ಮುಪ್ಪು ಎಂದು ನಾನು ತಲೆಬಾಗಿದ್ದು ಬರೀ ಪೊರೆಗೆ.

ಆದರೂ ಹಳೆಯ ಕಣ್ಣು ಬರಲಿಲ್ಲ, ನೋಡಿ. ಮಧ್ಯಾಹ್ನ ಮೂರು ದಾಟಿದರೆ ಸಣ್ಣಕ್ಷರ ಒಂದರೊಳಗೊಂದು ಕಲಸಿಕೊಳ್ಳುತ್ತದೆ. ಅದಕ್ಕೆ ಔಷಧವಿಲ್ಲ. ನಿಮ್ಮ ಪ್ರಶ್ನೆ ಶುರುವಾಗುವುದೇ ಇಲ್ಲಿ.

ನಾನು ಹುಟ್ಟಿದ ಹಳ್ಳಿಯಲ್ಲಿ ಕೆರೆಗೊಬ್ಬ ನೀರುಗಂಟಿ, ಗದ್ದೆಗಳಿಗೆ ನೀರು ಹಂಚುವವ, ಇದ್ದ. ನಿಮ್ಮ ಊರಿನಲ್ಲೂ ಇದ್ದಿರಬೇಕು. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಈ ಸೀಮೆಯಲ್ಲಿ ಕೆರೆಯೇ ಎಲ್ಲ. ಕೆರೆಗೆ ತೂಬು, ತೂಬಿಗೆ ನೀರುಗಂಟಿ. ಹಿಂಗಾರು ಮುಗಿದ ಮೇಲೆ ಒಂದು ಬೆಳಗ್ಗೆ ಅವನು ಏರಿಯ ಮೇಲೆ ಬಂದು ಕೂರುತ್ತಿದ್ದ. ತೂಬಿನ ಕಲ್ಲುಗಂಬದಲ್ಲಿ ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡುತ್ತಿದ್ದ. ಬೀಡಿ ಒಂದು ಮುಗಿಯುತ್ತಿತ್ತು. ಸುತ್ತ ನಿಂತ ರೈತರು ಉಸಿರೆತ್ತುತ್ತಿರಲಿಲ್ಲ. ಕೋಡಿ ಬಿದ್ದ ವರ್ಷ ಅವನು ಏನೂ ಹೇಳಬೇಕಾಗಿರಲಿಲ್ಲ. ಅರ್ಧ ತುಂಬಿದ ವರ್ಷವೇ ಅವನ ಮಾತಿಗೆ ಬೆಲೆ. “ಈ ಸಲ ಕಾಲುವೆ ತಿರುವಿನವರೆಗೆ ಭತ್ತ. ಅದರಾಚೆ ರಾಗಿ ಹಾಕಿಕೊಳ್ಳಿ, ಎರಡು ತಡಿ ನೀರು ಕೊಡುತ್ತೇನೆ. ಕೊನೆಯ ಗದ್ದೆಗಳಿಗೆ ಹುರುಳಿ.” ಅಷ್ಟೇ. ಗೊಣಗಿದವರಿದ್ದರು, ಆದರೆ ಅಚ್ಚುಕಟ್ಟಿನವರು ಅವನ ಮಾತು ಮೀರುತ್ತಿರಲಿಲ್ಲ. ಮೀರಿ ಎಲ್ಲ ಗದ್ದೆಗೂ ಭತ್ತ ಹಾಕಿದರೆ ತೆನೆ ಕಟ್ಟುವ ಮುಂಚೆ ಎಲ್ಲರದ್ದೂ ಒಣಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ನಿಮ್ಮದೀಗ ಅರ್ಧ ತುಂಬಿದ ಕೆರೆ, ಅಕ್ಕ. ನೀವು ಇನ್ನೂ ಕೊನೆಯ ಗದ್ದೆಯವರೆಗೆ ಭತ್ತ ಹಾಕಲು ಹೊರಟಿದ್ದೀರಿ, ನಿಮ್ಮ ಮಗ ತೂಬನ್ನೇ ಮುಚ್ಚಿಬಿಡಿ ಎನ್ನುತ್ತಿದ್ದಾನೆ. ಇಬ್ಬರೂ ಕಂಬದ ಗುರುತು ನೋಡಿಲ್ಲ.

ಮುದ್ದೆಯ ಲೆಕ್ಕವನ್ನೇ ಹಾಕಿ. ಮನೆಗೆಲ್ಲ ಎಷ್ಟು, ಎಂಟು ಮುದ್ದೆ ಇರಬಹುದೇ? ಎಂಟು ಮುದ್ದೆಯ ಪಾತ್ರೆ ಸೊಸೆಗೆ ಬಿಡಿ. ನಿಮಗೂ ಭಾವನವರಿಗೂ ಆಗುವಷ್ಟು, ಎರಡೇ ಎರಡು, ಸಣ್ಣ ಪಾತ್ರೆಯಲ್ಲಿ ನೀವೇ ಮಾಡಿ. ನಿಮಗೆ ಮುದ್ದೆ ಹೇಳಿಕೊಡುವಷ್ಟು ದೊಡ್ಡವನಲ್ಲ ನಾನು. ಕೀಲುನೋವಿನ ನನ್ನ ಹೆಂಡತಿ ಮಾಡುವುದನ್ನು ಹೇಳುತ್ತೇನೆ. ಒಂದು ಹಿಡಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಹೊಯ್ದು, ಅದು ಗಂಜಿಯ ಹಾಗೆ ಕುದಿದ ಮೇಲೆ ಉಳಿದ ಹಿಟ್ಟು ಹಾಕುತ್ತಾಳೆ. ಗಂಟು ಕಡಿಮೆ. ತಿರುವುವಾಗ ತಾನು ಕುರ್ಚಿಯ ಮೇಲೆ ಕೂತು, ಪಾತ್ರೆಯನ್ನು ಮುಂದೆ ಮಣೆಯ ಮೇಲಿಟ್ಟು, ಉದ್ದನೆಯ ಕೋಲನ್ನು ಎರಡೂ ಕೈಯಲ್ಲಿ ಹಿಡಿಯುತ್ತಾಳೆ. ಆಗ ದುಡಿಯುವುದು ಭುಜ, ಮಣಿಕಟ್ಟಿಗೆ ಅಷ್ಟು ಕೆಲಸವಿಲ್ಲ. ಪಾತ್ರೆ ಜಾರದಂತೆ ಕೆಳಗೊಂದು ಒದ್ದೆ ಗೋಣಿಚೀಲ. ಇದೇ ನಮ್ಮ ಮನೆಯ ನೀರುಗಂಟಿತನ.

ರಂಗೋಲಿಯ ವಿಷಯದಲ್ಲಿ ನಿಮ್ಮ ಸೊಸೆಯನ್ನು ಬೈಯಲಾರೆ. ನೀವು ಒಂಟಿಯಾಗಿ ಮುಂಜಾವದ ಮಬ್ಬಿನಲ್ಲಿ ಸಾರಿಸಿದ ಒದ್ದೆ ನೆಲದ ಮೇಲೆ ಕೂತು ಏಳುವುದನ್ನು ಅವಳು ನೋಡಿದ್ದಾಳೆ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಏನಾಗುತ್ತದೆ ಎಂಬುದಕ್ಕೆ ಪ್ರತಿ ಊರಿನಲ್ಲೂ ಒಂದು ಮನೆ ಉದಾಹರಣೆ ಇರುತ್ತದೆ. ಆದರೆ ಆ ಸ್ಟಿಕ್ಕರ್ ಕಿತ್ತುಹಾಕಲು ಹೇಳಿ. ಹಳೆಯ ಮನೆಯಾದರೆ ಜಗಲಿ ಇದ್ದೇ ಇರುತ್ತದೆ. ಅಂಗಳದಲ್ಲಿ ನಿಂತುಕೊಂಡೇ ಜಗಲಿಯ ಮೇಲೆ ಎಳೆಯಬಹುದು, ತುಳಸಿಕಟ್ಟೆಯ ಮೇಲೆ ಎಳೆಯಬಹುದು. ಬಾಗಿಲ ಮುಂದಿನದ್ದಕ್ಕೆ ಮೊಮ್ಮಗಳನ್ನು ಕೂರಿಸಿ, ನೀವು ಕುರ್ಚಿ ಹಾಕಿಕೊಂಡು ಚುಕ್ಕಿ ಹೇಳಿ. 15ರಿಂದ 8ರವರೆಗೆ ನಡುಚುಕ್ಕಿ ಇಟ್ಟು ಎಲ್ಲಿ ಎಳೆ ತಿರುಗಿಸಬೇಕು ಎಂಬುದು ಕೈಗಿಂತ ಹೆಚ್ಚಾಗಿ ತಲೆಯ ಕೆಲಸ ತಾನೇ?

ಬೆಂಗಳೂರಿನ ಮಗನಿಗೆ ಈ ಒಂದು ಮಾತು ಓದಿ ಹೇಳಿ. 1990ರಲ್ಲಿ ಅಮೆರಿಕದಲ್ಲಿ ವೃದ್ಧಾಶ್ರಮವೊಂದರ ತೊಂಬತ್ತರ ಆಸುಪಾಸಿನ ಹಿರಿಯರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿ ನೋಡಿದರು. ಆ ವಯಸ್ಸಿನಲ್ಲೂ ಸ್ನಾಯುಗಳ ಬಲ ದುಪ್ಪಟ್ಟಿಗಿಂತ ಹೆಚ್ಚಾಯಿತು. ಕೂತಲ್ಲೇ ಕೂತರೆ ಮಂಡಿಯನ್ನು ಹಿಡಿದು ನಿಲ್ಲಿಸುವ ತೊಡೆಯ ಸ್ನಾಯು ಸೊರಗುತ್ತದೆ, ಆಮೇಲೆ ಮಂಡಿ ಇನ್ನಷ್ಟು ನೋಯುತ್ತದೆ. ಗಟ್ಟಿ ಕುರ್ಚಿಯಿಂದ ಕೈಯೂರದೆ ಏಳುವುದು, ಮೆಲ್ಲಗೆ ಕೂರುವುದು, ಬೆಳಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಆಗದಿದ್ದರೆ ಕೈಯೂರಿಯೇ ಏಳಿ. ‘ಸುಮ್ಮನೆ ಕೂತಿರಮ್ಮ’ ಎನ್ನುವುದು ಪ್ರೀತಿಯ ಮಾತೇ, ಸರಿ. ಆದರೆ ಅದು ಮೂರನೆಯ ತುತ್ತಿಗೆ ಸಾಕು ಎಂದು ತಟ್ಟೆ ಎತ್ತಿಕೊಂಡು ಹೋಗುವಂಥ ಪ್ರೀತಿ.

ಇನ್ನು ನಿಮ್ಮ ಶ್ಲೋಕ. ನನ್ನ ತಾಯಿಯೂ ದಿನವೂ ಅದನ್ನೇ ಹೇಳುತ್ತಿದ್ದರು, ಆದ್ದರಿಂದ ಹಗುರವಾಗಿ ಮಾತಾಡಲಾರೆ. ಆದರೆ ದೈನ್ಯ ಎಂದರೆ ಯಾವುದು? ಡಬ್ಬಿಯ ಮುಚ್ಚಳ ತೆಗೆದುಕೊಡು ಎಂದು ಸೊಸೆಯನ್ನು ಕೇಳುವುದೇ? ರಾಗಿ ಕೊಯ್ಲಿನ ಕಾಲ ನೆನಪು ಮಾಡಿಕೊಳ್ಳಿ. ನಿಮ್ಮ ಹೊಲಕ್ಕೆ ಅವರು, ಅವರ ಹೊಲಕ್ಕೆ ನೀವು, ಮುಯ್ಯಾಳು. ಹತ್ತು ಜನ ಬಂದು ನಿಮ್ಮ ಹೊಲ ಕೊಯ್ದುಕೊಟ್ಟರೆ ನಿಮಗೆ ಅವಮಾನವಾಗುತ್ತಿತ್ತೇ? ಅವರ ಹೊಲದಲ್ಲಿ ನಿಮ್ಮ ಬೆನ್ನು ಬಗ್ಗಿದ್ದು ಅವರಿಗೂ ನೆನಪಿತ್ತು, ನಿಮಗೂ ನೆನಪಿತ್ತು. ಈ ಸೊಸೆಯ ಎರಡು ಬಾಣಂತನವನ್ನು ನೀವೇ ಮಾಡಿದ್ದಾಗಿ ಬರೆದಿದ್ದೀರಿ. ಈಗ ಅವಳು ಮುಚ್ಚಳ ತೆಗೆಯುತ್ತಾಳೆ. ಮುಯ್ಯಿಗೆ ಯಾರಾದರೂ ದೈನ್ಯ ಎನ್ನುತ್ತಾರೆಯೇ? ಹಾಗೆಯೇ ಕಮೋಡ್ ಕುರ್ಚಿಯ ಬಗ್ಗೆ ಒಂದು ಸಾಲು ಬರೆದು ಹೊಡೆದುಹಾಕಿದ್ದೀರಿ. ಹೊಡೆದುಹಾಕಿದ್ದೂ ಓದಲು ಬರುತ್ತದೆ. ತರಿಸಿಕೊಳ್ಳಿ. ಮಂಡಿನೋವಿನವರು ಅರ್ಧ ಗಂಟೆ ಗೋಡೆ ಹಿಡಿದು ಒದ್ದಾಡುವುದರಲ್ಲಿ ಯಾವ ಮಾನವೂ ಉಳಿಯುವುದಿಲ್ಲ.

ಭಾವನವರು ಮಾತು ಮಾತಿಗೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳನ್ನೂ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನೂ ಎತ್ತುತ್ತಾರೆ ಎಂದು ಬರೆದಿದ್ದೀರಿ. ನಮ್ಮ ಮೂರು ಜಿಲ್ಲೆಗಳಿಗೆ ಇದೊಂದು ಕಷ್ಟ, ಅಕ್ಕಪಕ್ಕದಲ್ಲೇ ಇಬ್ಬರು ಶತಾಯುಷಿಗಳು. ಮಂಡಿ ನೋವು ಎಂದು ಬಾಯಿ ಬಿಟ್ಟರೆ ಸಾಕು, ‘ಅವರು ಆ ವಯಸ್ಸಿನಲ್ಲಿ...’ ಎಂದು ಯಾರಾದರೂ ಶುರು ಮಾಡುತ್ತಾರೆ. 2019ರಲ್ಲಿ 111ರ ವಯಸ್ಸಿನಲ್ಲಿ ಲಿಂಗೈಕ್ಯರಾದ ಸ್ವಾಮಿಗಳನ್ನು ಕೊನೆಯ ವರ್ಷಗಳಲ್ಲಿ ಅಕ್ಕಪಕ್ಕದವರು ಕೈಹಿಡಿದು ನಡೆಸುತ್ತಿದ್ದರು, ಸ್ವಾಮಿಗಳು ಆ ಕೈ ಕೊಡವಲಿಲ್ಲ. ಭಾವನವರಿಗೆ ಈ ಭಾಗವನ್ನೂ ನೆನಪಿಸಿ.

ಸ್ವಂತಕ್ಕೆ ಸಂಬಂಧಿಸದ ಒಂದು ಸಿಟ್ಟು ಇಲ್ಲೇ ತೀರಿಸಿಕೊಳ್ಳುತ್ತೇನೆ. ಎಲ್ಲ ಮಿತಿಯೂ ನಮ್ಮ ಮೈಯಲ್ಲೇ ಇರುವುದಿಲ್ಲ. 2023ರ ಜೂನ್ 11ರಿಂದ ಸರ್ಕಾರ ಹೆಂಗಸರಿಗೆ ಬಸ್ಸಿನ ಟಿಕೆಟ್ ಉಚಿತ ಮಾಡಿತು, ಒಳ್ಳೆಯದೇ ಆಯಿತು. ಬಸ್ಸಿನ ಮೆಟ್ಟಿಲನ್ನು ಮಾತ್ರ ಯಾರೂ ತಗ್ಗಿಸಲಿಲ್ಲ. ನಿಮ್ಮ ಮಂಡಿ ಬಸ್ಸು ಹತ್ತಲಾರದು ಎಂದು ಬರೆದಿದ್ದೀರಲ್ಲ, ಆ ಬಸ್ಸೇ ನಿಮ್ಮಷ್ಟಕ್ಕೆ ಬಗ್ಗಲಾರದು ಎಂದೂ ಬರೆಯಬಹುದಿತ್ತು. ಹತ್ತುವಾಗ ನೋವಿಲ್ಲದ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಊರುಗೋಲು ಹಿಡಿದರೆ ನೋಯುವ ಮಂಡಿಯ ಕಡೆಗಲ್ಲ, ಎದುರು ಕೈಯಲ್ಲಿ. ಕಂಡಕ್ಟರು ಸೀಟಿ ಊದಿದರೆ ಊದಲಿ.

ನನ್ನ ಗದ್ದೆಯ ಕಥೆ ಹೇಳಿ ಮುಗಿಸುತ್ತೇನೆ. ಮಧ್ಯಾಹ್ನದ ಕರಡು ನಾನೀಗ ನೋಡುವುದಿಲ್ಲ. ಕಚೇರಿಯ ಹುಡುಗಿ ಗಟ್ಟಿಯಾಗಿ ಓದುತ್ತಾಳೆ, ನಾನು ಕಣ್ಣು ಮುಚ್ಚಿಕೊಂಡು ಕೇಳುತ್ತೇನೆ. ಕಣ್ಣಿಗೆ ತಪ್ಪಿಸಿಕೊಳ್ಳುತ್ತಿದ್ದ ತಪ್ಪುಗಳು ಕಿವಿಗೆ ಸಿಕ್ಕಿಬೀಳುತ್ತಿವೆ. ಮೊದಲ ಮೂರು ತಿಂಗಳು ಅವಳ ಮೇಲೆ ವಿನಾಕಾರಣ ರೇಗುತ್ತಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ನಿಮಗೂ ಒಂದಷ್ಟು ದಿನ ಹಾಗೇ ಆಗುತ್ತದೆ.

ಸಂಕ್ರಾಂತಿ ಸಂಚಿಕೆಗೆ ನಿಮ್ಮ ಒಂದು ರಂಗೋಲಿ ಬೇಕು. ಚುಕ್ಕಿಯ ಲೆಕ್ಕ, ಎಳೆ ತಿರುಗುವ ಜಾಗ ಎಲ್ಲ ವಿವರವಾಗಿ ಇರಲಿ. ಕೈ ನೋಯುತ್ತಿದ್ದರೆ ಮೊಮ್ಮಗಳಿಂದ ಬರೆಸಿ ಕಳಿಸಿ. ಅಕ್ಷರ ದೊಡ್ಡದಾಗಿರಲಿ ಎಂದು ಅವಳಿಗೆ ಹೇಳಿ. ಬೆಳಗಿನ ಅಂಚೆಗೆ ಬಂದರೆ ನಾನೇ ಓದಿಕೊಳ್ಳುತ್ತೇನೆ.