ಗಿಡಗಂಟಿ ಪ್ರಶ್ನೋತ್ತರ: ಮಾಕಳಿಯನ್ನು ಲಾಲ್‌ಬಾಗಿಗೆ ಕಳಿಸೋಣವೇ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮೂರ ಹಿಂದಿನ ಗುಡ್ಡದ ಬಂಡೆ ಸಂದಿಗಳಲ್ಲಿ ಮಾಕಳಿ ಬಳ್ಳಿ ಅಲ್ಲೊಂದು ಇಲ್ಲೊಂದು ಉಳಿದಿದೆ. ಬೇರು ಕೀಳುವವರ ಕಾಟಕ್ಕೆ ಅದೂ ಹೋದೀತು. ಎರಡು ಬಳ್ಳಿ ಬುಡಸಮೇತ ಕಿತ್ತು ಲಾಲ್‌ಬಾಗಿಗೆ ಕೊಟ್ಟುಬಿಟ್ಟರೆ ತಳಿ ಉಳಿದಂತಾಯಿತಲ್ಲವೇ?
- ಓದುಗರೊಬ್ಬರು, ಸಂಡೂರು ತಾಲ್ಲೂಕು

ಉತ್ತರ: ದಯವಿಟ್ಟು ಕೀಳಬೇಡಿ. ಮೀಸಲು ಅರಣ್ಯವಾದರೆ ಅದು ಅಪರಾಧ. ಅದಿರಲಿ, ಬಂಡೆ ಸಂದಿಯಿಂದ ಮಾಕಳಿ ಬೇರು ಇಡಿಯಾಗಿ ಬರುವುದು ಕಷ್ಟ, ತುಂಡಾಗುತ್ತದೆ. ತುಂಡಾದ ಬೇರು ಲಾಲ್‌ಬಾಗಿಗಿಂತ ಮೊದಲು ಉಪ್ಪಿನಕಾಯಿ ಭರಣಿ ಸೇರುವುದೇ ಹೆಚ್ಚು. ಮೊಸರನ್ನಕ್ಕೆ ಮಾಕಳಿ ಉಪ್ಪಿನಕಾಯಿ ಇದ್ದರೆ ನಾನೂ ಬೇರೇನು ಕೇಳುವವಳಲ್ಲ. ಆದರೆ ಆ ಘಮದ ಆಸೆಗೆ ತೋಡಿ ತೋಡಿಯೇ ಅದು ಇವತ್ತು ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಅಪಾಯದ ಪಟ್ಟಿಯಲ್ಲಿದೆ. ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ತಾನಾಗಿ ಬೆಳೆಯದ ಬಳ್ಳಿ ಅದು.

ಈಗ ನಿಮ್ಮ ಅಸಲು ಪ್ರಶ್ನೆ. ಎರಡು ಬಳ್ಳಿ ಒಂದು ತೋಟದಲ್ಲಿದ್ದರೆ ನೋಡುವವರಿಗೆ ಆಯಿತು, ತಳಿಗೆ ಆಗಲಿಲ್ಲ. ದಕ್ಷಿಣ ಆಫ್ರಿಕದಲ್ಲಿ ಎನ್ಸೆಫಲಾರ್ಟಸ್ ವುಡಿಯೈ ಎಂಬ ಸೈಕಾಡ್ ಗಿಡವಿತ್ತು. ಸೈಕಾಡ್ ಅಂದರೆ ನೋಡಲು ಈಚಲಿನ ಹಾಗಿರುವ, ಗಂಡು ಹೆಣ್ಣು ಬೇರೆಬೇರೆ ಗಿಡಗಳಾಗಿರುವ ಜಾತಿ. 1895ರಲ್ಲಿ ಎನ್‌ಗೋಯೆ ಕಾಡಿನಲ್ಲಿ ಅದರ ಒಂದೇ ಒಂದು ಬುಡ ಸಿಕ್ಕಿತು, ಅದೂ ಗಂಡು. ಅದರ ಕವಲು, ಮರಿಗಳು ಡರ್ಬನ್, ಲಂಡನ್ನಿನ ಕ್ಯೂ ಸೇರಿ ಎಷ್ಟೋ ಉದ್ಯಾನಗಳಲ್ಲಿ ಸೊಂಪಾಗಿ ಬೆಳೆದಿವೆ. ಎಲ್ಲವೂ ಅದೇ ಗಂಡು! ಹೆಣ್ಣು ಇವತ್ತಿಗೂ ಸಿಕ್ಕಿಲ್ಲ, ಹಾಗಾಗಿ ಆ ಜಾತಿಯ ಬೀಜವೇ ಇಲ್ಲ. ಎಷ್ಟು ಊರಲ್ಲಿದ್ದರೇನು, ಲೆಕ್ಕಕ್ಕೆ ಅದು ಒಂದೇ ಗಿಡ.

ಅದಕ್ಕೇ ಉದ್ಯಾನದವರು ಈಗ ಗಿಡಕ್ಕಿಂತ ಮೊದಲು ಅದರ ಜಾತಕ ಕೇಳುತ್ತಾರೆ: ಯಾವ ಗುಡ್ಡದ್ದು, ಯಾವ ತಾಯಿಗಿಡದ್ದು, ಯಾವತ್ತು ತಂದದ್ದು. ಆದಷ್ಟೂ 50 ತಾಯಿಗಿಡಗಳಿಂದ ಬೀಜ ಆಯುತ್ತಾರೆ. ಅವತ್ತು ಮಾಗಿರುವ ಬೀಜದಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಮುಟ್ಟುವುದಿಲ್ಲ. ತಾಯಿಗೊಂದು ಪೊಟ್ಟಣ ಕಟ್ಟಿ ಬೇರೆಬೇರೆ ಉದ್ಯಾನಗಳಿಗೆ ಹಂಚುತ್ತಾರೆ. ಒಂದು ಕಡೆ ಬೋರು ಬತ್ತಿದರೂ ಗೆದ್ದಲು ಹತ್ತಿದರೂ ಇನ್ನೊಂದು ಕಡೆಯಿಂದ ಅದೇ ತಾಯಿಯ ಸಸಿ ತರಬಹುದು. ಯಾರ ಬಳಿ ಏನಿದೆ ಎಂದು ತಿಳಿಯುವುದಕ್ಕೆ 1987ರಲ್ಲಿ ಶುರುವಾದ ಬಿಜಿಸಿಐ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಉದ್ಯಾನಗಳ ಗಿಡಪಟ್ಟಿಗಳನ್ನು ಒಂದೆಡೆ ಕೂಡಿಸಿಟ್ಟಿದೆ. ಹೀಗೆ ಬೆಳೆಸಿ ಉಳಿಸಿಕೊಂಡದ್ದಕ್ಕೆ ನಮ್ಮಲ್ಲೇ ಒಂದು ಉದಾಹರಣೆಯಿದೆ. ನಮ್ಮ ಜೋಗದಲ್ಲಿ 1919ರಲ್ಲಿ ಸಿಕ್ಕಿದ್ದ ಹುಬ್ಬಾರ್ಡಿಯಾ ಎಂಬ ಹುಲ್ಲು ಅಳಿದೇಹೋಯಿತು ಅಂದುಕೊಂಡಿದ್ದರು. ಅದು ಮತ್ತೆ ಕಂಡದ್ದು ಮಹಾರಾಷ್ಟ್ರದ ತಿಲ್ಲಾರಿಯಲ್ಲಿ, ಬೆಳೆಸಿ ಕಾಪಾಡಿದವರು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದವರು.

ಇಷ್ಟಾದರೂ ಗಿಡ ತನ್ನ ಜಾಗದಲ್ಲೇ ಇರುವುದು ಮೇಲು. ಔಷಧಿ ಸಸ್ಯಗಳನ್ನು ಕಾಡಿನಲ್ಲೇ ಉಳಿಸಲೆಂದು ಅರಣ್ಯ ಇಲಾಖೆ ಮತ್ತು ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಎಂಬ ನಾಟಿ ವೈದ್ಯ ಪರಂಪರೆಯ ಸಂಸ್ಥೆ ಸೇರಿ ಗುರುತಿಸಿದ ತಾಣಗಳಲ್ಲಿ ನಿಮ್ಮ ಸಂಡೂರಿನದೂ ಒಂದು.

ನಿಮ್ಮ ಕೈಲಾಗುವುದು ಇಷ್ಟು. ಕಾಯಿ ಯಾವಾಗ ಮಾಗುತ್ತದೆ ಎಂದು ಬರೆದಿಡಿ. ಕಾಯಿ ಒಡೆದರೆ ಬೀಜ ಎಕ್ಕದ ಬೀಜದ ಹಾಗೆ ಗಾಳಿಗೆ ಹಾರಿಹೋಗುತ್ತದೆ, ಒಡೆಯುವ ಮುಂಚೆಯೇ ತೆಳು ಬಟ್ಟೆಯ ಚೀಲ ಕಟ್ಟಬೇಕು. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರನ್ನು ಜತೆಗೆ ಕರೆದುಕೊಂಡು ಹೋಗಿ ರೇಂಜರ್ ಸಾಹೇಬರನ್ನು ಕೇಳಿ. ಬಳ್ಳಿ ಇರುವ ಜಾಗವನ್ನು ವಾಟ್ಸಪ್ ಗ್ರೂಪಿಗೆ ಮಾತ್ರ ಹಾಕಬೇಡಿ, ಬೇರು ಕೀಳುವವರೂ ಅದೇ ಗ್ರೂಪಿನಲ್ಲಿರುತ್ತಾರೆ.

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿ ಮುತ್ತಜ್ಜ ನೆಟ್ಟ ನಾಟಿ ಮಾವಿನ ಮರ ಒಣಗುತ್ತಾ ಬಂದಿದೆ. ಅದರ ವಾಟೆಯನ್ನು ಬೀಜ ಬ್ಯಾಂಕಿಗೆ ಕೊಡಬಹುದೇ?
- ಓದುಗರೊಬ್ಬರು, ಕೊಪ್ಪಳ

ಉತ್ತರ: ಆಗದು. ಬೀಜ ಬ್ಯಾಂಕಿನಲ್ಲಿ ಬೀಜವನ್ನು ಚೆನ್ನಾಗಿ ಒಣಗಿಸಿ ಮೈನಸ್ 20 ಡಿಗ್ರಿಯಲ್ಲಿ ಇಡುತ್ತಾರೆ. ಮಾವಿನ ವಾಟೆ ಹಾಗೆ ಒಣಗಿದರೆ ಸತ್ತಂತೆ, ಹಲಸಿನದೂ ಅಷ್ಟೇ. ಮೇಲಾಗಿ ವಾಟೆಯಿಂದ ಹುಟ್ಟಿದ ಗಿಡಕ್ಕೆ ಮುತ್ತಜ್ಜನ ಮರದ ರುಚಿಯೇ ಬರುತ್ತದೆಂಬ ಖಾತ್ರಿಯಿಲ್ಲ. ಕಡ್ಡಿಯಲ್ಲಿ ಹಸಿರು ಇರುವಾಗಲೇ ಕಸಿ ಕಟ್ಟಿಸಿ. ಮುನಿರಾಬಾದಿನ ತೋಟಗಾರಿಕೆ ಕಾಲೇಜಿನಲ್ಲಿ ವಿಚಾರಿಸಿ ನೋಡಿ. ಇಲ್ಲಿ ಒಂದೇ ಮರದ ನಕಲು ಸಾಕು, ನಿಮಗೆ ಬೇಕಾದದ್ದು ಆ ರುಚಿ ತಾನೇ. ಸಸಿಗಳನ್ನೆಲ್ಲ ಅದೇ ಬದುವಿನಲ್ಲಿ ನೆಡದೆ, ಒಂದೆರಡನ್ನು ಬೀಗರ ತೋಟಕ್ಕೂ ಕೊಡಿ.