ಮೊಂಕಾಡಾ ಸೇನಾ ನೆಲೆಯ ಮೇಲಿನ ದಾಳಿ ಪೂರ್ತಿ ಸೋತರೂ ಕ್ಯೂಬಾದವರು ಅದನ್ನು ಯಾಕೆ ಆಚರಿಸುತ್ತಾರೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಸೋತ ದಾಳಿಗೆ ರಾಷ್ಟ್ರೀಯ ಹಬ್ಬ ಯಾಕೆ ಅನ್ನೋದು ಒಂದು. ಆ ದಾಳಿಯ ನಾಯಕ ಫಿಡೆಲ್ ಕ್ಯಾಸ್ಟ್ರೋ ಇಂಥ ಹುಚ್ಚು ಸಾಹಸಕ್ಕೆ ಹೇಗೆ ಇಳಿದ ಅನ್ನೋದು ಇನ್ನೊಂದು. ನಾನು ಇತಿಹಾಸ ಪಾಠ ಮಾಡುವವನು, ಈ ದಾಳಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ ಬೇರೆ ಇದೆ. ಹಾಗಾಗಿ ಎರಡನೆಯದನ್ನೇ ಮೊದಲು ಹೇಳುತ್ತೇನೆ.

1952ರ ಜೂನ್‌ನಲ್ಲಿ ಕ್ಯೂಬಾದಲ್ಲಿ ಚುನಾವಣೆ ನಡೆಯಬೇಕಿತ್ತು. ಮಾರ್ಚ್ 10ರಂದೇ ಮಾಜಿ ಅಧ್ಯಕ್ಷ ಬಟಿಸ್ಟಾ ಸೈನ್ಯದ ಬಲದಿಂದ ಅಧಿಕಾರ ಕಿತ್ತುಕೊಂಡ. ಆ ಚುನಾವಣೆಗೆ ನಿಂತಿದ್ದ ಯುವ ವಕೀಲ ಫಿಡೆಲ್ ಮೊದಲು ಕೋರ್ಟಿಗೇ ಹೋದ. ಅಲ್ಲಿ ಕೆಲಸ ಆಗಲಿಲ್ಲ. ಆಮೇಲೆ ಬಂದೂಕು.

ಆರಿಸಿಕೊಂಡಿದ್ದು ದೇಶದ ಪೂರ್ವದ ಸಾಂಟಿಯಾಗೋ ನಗರವನ್ನು. ಅಲ್ಲಿನ ಮೊಂಕಾಡಾ ಕ್ಯೂಬಾದ ಎರಡನೇ ದೊಡ್ಡ ಸೇನಾ ನೆಲೆ. ರಾಜಧಾನಿ ಹವಾನಾದಿಂದ ಬಲು ದೂರ, ಬೇಗ ಸಹಾಯ ಬರುವುದು ಕಷ್ಟ. ನೆಲೆ ಹಿಡಿಯಬೇಕು, ಅಲ್ಲಿನ ಆಯುಧಗಳನ್ನು ಜನರಿಗೆ ಹಂಚಬೇಕು, ರೇಡಿಯೋದಲ್ಲಿ ಕರೆ ಕೊಡಬೇಕು, ಇಡೀ ಪ್ರಾಂತ್ಯ ಏಳಬೇಕು. ಕಾಗದದ ಮೇಲೆ ಚೆನ್ನಾಗೇ ಇತ್ತು, ಅಲ್ವಾ?

ಊರ ಹೊರಗೆ ಸಿಬೋನೆಯಲ್ಲಿ ಕೋಳಿ ಸಾಕುತ್ತೇವೆ ಅಂತ ಹೇಳಿ ಒಂದು ತೋಟದ ಮನೆ ಬಾಡಿಗೆಗೆ ಹಿಡಿದರು. ಬಂದೂಕುಗಳಲ್ಲಿ ಕೆಲವನ್ನು ಅಲ್ಲಿನ ಬಾವಿಯೊಳಗೆ ಬಚ್ಚಿಟ್ಟಿದ್ದರು. ಜಾಸ್ತಿ ಇದ್ದಿದ್ದು ಬೇಟೆಯ ಬಂದೂಕು ಮತ್ತು ಸಣ್ಣ ಗುಂಡಿನ ಪಾಯಿಂಟ್ 22 ರೈಫಲ್. ಅದೇ ಹೊತ್ತಿಗೆ ಬಯಾಮೋ ಊರಿನ ಸೇನಾ ನೆಲೆಯ ಮೇಲೆ ದಾಳಿಗೆ ಹೋದವರೂ ಸೇರಿ ಒಟ್ಟು ಸುಮಾರು 160 ಜನ. ಎಲ್ಲಿಗೆ ದಾಳಿ ಅಂತ ಬಹುತೇಕರಿಗೆ ಗೊತ್ತಾಗಿದ್ದೇ ಆ ರಾತ್ರಿ. ಕೇಳಿದ ಮೇಲೆ ಕೆಲವರು ನಾವು ಬರಲ್ಲ ಅಂದರು. ಅವರನ್ನು ಹೇಡಿಗಳು ಅನ್ನುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

1953ರ ಜುಲೈ 26, ಭಾನುವಾರ. ಸಾಂಟಿಯಾಗೋದಲ್ಲಿ ಕಾರ್ನಿವಲ್ ಸಮಯ. ನಮ್ಮೂರ ತೇರಿನ ಮಾರನೇ ದಿನದ ಬೆಳಗಿನ ಜಾವ ಇದ್ದ ಹಾಗೆ ಅಂದುಕೊಳ್ಳಿ. ಸೈನಿಕರು ಕುಡಿದು ಮಲಗಿರುತ್ತಾರೆ, ಹೊರಗಿನ ಕಾರುಗಳನ್ನು ಯಾರೂ ಗಮನಿಸುವುದಿಲ್ಲ ಅನ್ನೋದು ಲೆಕ್ಕ. ಆದರೆ ಅದೇ ಕಾರ್ನಿವಲ್ ಗಲಾಟೆಗಾಗಿ ಸೈನ್ಯ ನೆಲೆಯ ಹೊರಗೆ ಸುತ್ತುವ ಕಾವಲು ಹಾಕಿತ್ತು. ಇದು ಇವರ ಲೆಕ್ಕದಲ್ಲಿ ಇರಲಿಲ್ಲ.

ಬೆಳಿಗ್ಗೆ ಐದೂಕಾಲರ ಹೊತ್ತಿಗೆ ಸಾರ್ಜೆಂಟ್ ಸಮವಸ್ತ್ರ ಹಾಕಿಕೊಂಡಿದ್ದ ಮೊದಲ ಕಾರಿನವರು ಮೂರನೇ ಗೇಟಿನ ಕಾವಲುಗಾರರನ್ನು ಬೆಚ್ಚಿಸಿ ಆಯುಧ ಕಸಿದುಕೊಂಡರು. ಅಲ್ಲಿಯವರೆಗೆ ಎಲ್ಲ ಸರಿ. ಹಿಂದಿನ ಕಾರಿನಲ್ಲಿದ್ದ ಫಿಡೆಲ್‌ಗೆ ಆ ಗಸ್ತಿನವರು ಎದುರಾದರು. ಅವರನ್ನು ಹಿಡಿಯಲು ಹೋದಾಗ ಕಾರು ಫುಟ್‌ಪಾತಿಗೆ ತಗುಲಿ ನಿಂತಿತು. ಹಿಂದಿನ ಕಾರುಗಳವರು ಒಳಗೆ ಬಂದೆವು ಅಂದುಕೊಂಡು ಇಳಿದು, ಬೇರೆ ಕಟ್ಟಡಕ್ಕೆ ನುಗ್ಗಿದರು. ಅಷ್ಟರಲ್ಲಿ ಅಪಾಯದ ಗಂಟೆ ಬಾರಿಸಿತು. ಕೆಲವು ಕಾರುಗಳಂತೂ ಊರಿನ ಬೀದಿಗಳಲ್ಲಿ ದಾರಿ ತಪ್ಪಿ ನೆಲೆಯ ಹತ್ತಿರವೇ ಬರಲಿಲ್ಲ. ಸ್ಥಳೀಯರನ್ನು ಗುಟ್ಟು ಬಯಲಾಗುತ್ತೆ ಅಂತ ಹೆಚ್ಚು ಸೇರಿಸಿಕೊಂಡಿರಲಿಲ್ಲ. ಚೆನ್ನಾಗಿ ದಾರಿ ಗೊತ್ತಿದ್ದ ಸಾಂಟಿಯಾಗೋದ ಹುಡುಗ ರೆನಾಟೋ ಗಿಟಾರ್ಟ್ ಮೊದಲ ಕಾರಿನಲ್ಲಿದ್ದ, ಅಲ್ಲೇ ಸತ್ತ.

ನನಗೆ ತುಂಬಾ ಬೇಜಾರಾಗುವುದು ಎದುರಿನ ಆಸ್ಪತ್ರೆಯಲ್ಲಿದ್ದ ಗುಂಪಿನ ಕಥೆ. ಉಪನಾಯಕ ಅಬೆಲ್ ಸಾಂತಮಾರಿಯಾ ಅಲ್ಲಿಂದ ಗುಂಡು ಹಾರಿಸುತ್ತಿದ್ದ. ಫಿಡೆಲ್ ಹಿಂದೆ ಸರಿಯಿರಿ ಅಂದಿದ್ದು ಅವನಿಗೆ ತಲುಪಲೇ ಇಲ್ಲ. ಅವರು ಸುಮ್ನೆ ಹೋರಾಡುತ್ತಲೇ ಇದ್ದರು. ಕೊನೆಗೆ ನರ್ಸ್‌ಗಳು ಅವರಿಗೆ ರೋಗಿಗಳ ಬಟ್ಟೆ ಹಾಕಿ ಹಾಸಿಗೆಯಲ್ಲಿ ಮಲಗಿಸಿದರು. ಆದರೂ ಸಿಕ್ಕಿಬಿದ್ದರು. ಅಬೆಲ್‌ನನ್ನು ಹಿಂಸಿಸಿ ಕೊಂದರು. ಗುಂಪಿನಲ್ಲಿದ್ದ ಇಬ್ಬರು ಹೆಂಗಸರು, ಅವನ ಅಕ್ಕ ಐದೆ ಮತ್ತು ಮೆಲ್ಬಾ ಎರ್ನಾಂಡೆಸ್, ಬದುಕಿ ಉಳಿದರು.

ಈಗ ನಿಮ್ಮ ಮೊದಲ ಪ್ರಶ್ನೆ. ಗುಂಡಿನ ಕಾಳಗದಲ್ಲಿ ಸತ್ತ ದಾಳಿಕೋರರು ಹತ್ತಕ್ಕಿಂತ ಕಡಿಮೆ. ಸಿಕ್ಕಿಬಿದ್ದ ಮೇಲೆ ಕೊಲ್ಲಲ್ಪಟ್ಟವರು ಐವತ್ತಕ್ಕಿಂತ ಜಾಸ್ತಿ. ಎಲ್ಲರೂ ಕಾಳಗದಲ್ಲೇ ಸತ್ತರು ಅಂತ ಸೈನ್ಯ ಹೇಳಿತು. ಆದರೆ ಯುವ ಪತ್ರಕರ್ತೆ ಮಾರ್ತಾ ರೋಹಾಸ್ ಮತ್ತು ಛಾಯಾಗ್ರಾಹಕ ಪಾಂಚಿತೋ ಕಾನೋ ಅಲ್ಲೇ ಇದ್ದರು. ಅವರ ಫೋಟೋ ರೀಲುಗಳು ಗುಟ್ಟಾಗಿ ಹವಾನಾ ಸೇರಿದವು. ಸಾಂಟಿಯಾಗೋದ ಆರ್ಚ್‌ಬಿಷಪ್ ಪೆರೆಸ್ ಸೆರಾಂಟೆಸ್ ಉಳಿದವರ ಜೀವ ಉಳಿಸಲು ಮಧ್ಯೆ ಬಂದರು. ಆಗಸ್ಟ್ 1ರಂದು ಬೆಟ್ಟದ ಗುಡಿಸಲಿನಲ್ಲಿ ಮಲಗಿದ್ದ ಫಿಡೆಲ್‌ನನ್ನು ಹಿಡಿದ ಲೆಫ್ಟಿನೆಂಟ್ ಸಾರಿಯಾ ಕೂಡ ಅವನನ್ನು ಮೊಂಕಾಡಾಗೆ ಒಯ್ಯದೆ ಪೊಲೀಸ್ ವಶಕ್ಕೆ ಕೊಟ್ಟ. ಒಯ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಅಂದರೆ, ಈ ದಾಳಿಗೆ ಅರ್ಥ ಕೊಟ್ಟಿದ್ದು ದಾಳಿ ಮಾಡಿದವರ ಜಾಣತನ ಅಲ್ಲ, ಬಟಿಸ್ಟಾನ ಸೈನ್ಯದ ಕ್ರೌರ್ಯ. ನಿಯಮದ ಪ್ರಕಾರ ಎಲ್ಲರನ್ನೂ ಜೈಲಿಗೆ ಹಾಕಿದ್ದರೆ, ಯಾರೋ ಹುಡುಗರ ದುಡುಕು ಅಂತ ಜನ ಮರೆಯುತ್ತಿದ್ದರು ಅಂತ ನನ್ನ ಅನಿಸಿಕೆ. ಅಕ್ಟೋಬರ್‌ನಲ್ಲಿ ಫಿಡೆಲ್ ತನ್ನ ಕೇಸು ತಾನೇ ವಾದಿಸುತ್ತ ಈ ಕೊಲೆಗಳನ್ನೇ ನ್ಯಾಯಾಧೀಶರ ಮುಂದಿಟ್ಟ. 15 ವರ್ಷ ಶಿಕ್ಷೆಯಾಯಿತು. 1955ರ ಮೇನಲ್ಲಿ ಬಟಿಸ್ಟಾನೇ ಕ್ಷಮಾದಾನ ಕೊಟ್ಟು ಬಿಟ್ಟ! ಚಳವಳಿಗೆ 'ಜುಲೈ 26' ಅಂತಲೇ ಹೆಸರಾಯಿತು. 1959ರಲ್ಲಿ ಗೆದ್ದ ಮೇಲೆ ಆ ದಿನ ಹಬ್ಬವಾಯಿತು, ಮೊಂಕಾಡಾ ಶಾಲೆಯಾಯಿತು.

ಮೊಂಕಾಡಾದಿಂದ ಫಿಡೆಲ್ ಎಲ್ಲ ಪಾಠ ಕಲಿತ ಅಂತ ಬರೆಯುವವರಿದ್ದಾರೆ. ನಾನು ಪೂರ್ತಿ ಒಪ್ಪಲ್ಲ. 1956ರ ನವೆಂಬರ್ 30ರಂದು ಅವನ ಚಳವಳಿಯ ಫ್ರಾಂಕ್ ಪಾಯಿಸ್ ಅದೇ ಸಾಂಟಿಯಾಗೋದಲ್ಲಿ ದಂಗೆ ಎಬ್ಬಿಸಿದ. ಬಿಡುಗಡೆಯಾದ ಮೇಲೆ ಮೆಕ್ಸಿಕೋಗೆ ಹೋಗಿ, ಅದೇ ದಿನ ಅಲ್ಲಿಂದ ಬರಬೇಕಿದ್ದ ಫಿಡೆಲ್‌ನ ಗ್ರಾನ್ಮಾ ದೋಣಿ ಬರಲಿಲ್ಲ. 82 ಜನರನ್ನು ತುಂಬಿಕೊಂಡು ಅದು ದಡ ಮುಟ್ಟಿದ್ದು ಡಿಸೆಂಬರ್ 2ಕ್ಕೆ. ಅಷ್ಟರಲ್ಲಿ ದಂಗೆ ಅಡಗಿತ್ತು, ಸೈನ್ಯ ಎಚ್ಚರವಾಗಿತ್ತು. ಅಂದರೆ, ಮೊಂಕಾಡಾದ ಹಾಗೆ ಇಲ್ಲೂ ಲೆಕ್ಕ ತಪ್ಪಿತ್ತು.