ಸೀತಾಳೆ ದಂಡೆಗೆ ಮಣ್ಣೇಕೆ?

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ನಮ್ಮ ಹಿತ್ತಲಿನ ಹಲಸಿನ ಕೊಂಬೆಯೊಂದು ಮುರಿದು ಬಿದ್ದಾಗ ಅದರ ಮೇಲೆ ಸೀತಾಳೆ ದಂಡೆಯ ಗಿಡವಿತ್ತು. ಕೆಂಪು ಮಣ್ಣಿಗೆ ಸಗಣಿ ಗೊಬ್ಬರ ಬೆರೆಸಿ ಕುಂಡದಲ್ಲಿ ನೆಟ್ಟು, ದಿನವೂ ನೀರು ಹಾಕುತ್ತಿದ್ದೇನೆ. ಈಗ ಬುಡದ ಎಲೆಗಳು ಹಳದಿಯಾಗಿ ಉದುರುತ್ತಿವೆ. ಮರಕ್ಕೆ ಕಟ್ಟಿದರೆ ಅದು ಬಂದಳಿಕೆಯಂತೆ ಮರದ ಸಾರ ಹೀರುತ್ತದೆಂದು ಅಮ್ಮ ಹೇಳುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ಗಿಡಕ್ಕೆ ರೋಗವೇನೂ ಬಂದಿಲ್ಲ, ಅದಕ್ಕೆ ಉಸಿರು ಕಟ್ಟಿದೆ. ಸಸ್ಯವಿಜ್ಞಾನದಲ್ಲಿ ರಿಂಕೋಸ್ಟೈಲಿಸ್ ರೆಟ್ಯೂಸ ಎಂದು ಕರೆಯುವ ಈ ಆರ್ಕಿಡ್ ಮರದ ತೊಗಟೆಯ ಮೇಲೆ, ಗಾಳಿಯಲ್ಲಿ ಬದುಕುವಂಥದ್ದು. ಅದರ ದಪ್ಪ ಬೇರುಗಳಿಗೆ ಸತ್ತ ಜೀವಕೋಶಗಳಿಂದಾದ ಸ್ಪಂಜಿನಂಥ ಹೊದಿಕೆಯಿರುತ್ತದೆ. ಒಣಗಿದ್ದಾಗ ಬೂದುಬಿಳಿಯಾಗಿರುವ ಬೇರು ನೀರು ಬಿದ್ದ ಸ್ವಲ್ಪ ಹೊತ್ತಿನಲ್ಲೇ ಹಸಿರಿಗೆ ತಿರುಗುವುದನ್ನು ನೀವೇ ನೋಡಬಹುದು. ಹೀಗೆ ನೆನೆದು ಮತ್ತೆ ಒಣಗಬೇಕಾದ ಬೇರನ್ನು ಸದಾ ಒದ್ದೆಯಾಗಿರುವ ಮಣ್ಣಿನಲ್ಲಿ ಹೂತರೆ ಅದು ಕೊಳೆಯದೆ ಇನ್ನೇನಾದೀತು?

ಅಮ್ಮನವರ ಆತಂಕ ಸಹಜವಾದರೂ ಬಂದಳಿಕೆಯ ಮಾತು ಇದಕ್ಕೆ ಅನ್ವಯಿಸುವುದಿಲ್ಲ. ಬಂದಳಿಕೆ ಕೊಂಬೆಯೊಳಗೆ ಬೇರಿಳಿಸಿ ಮರದ ನೀರು ಮತ್ತು ಲವಣಗಳನ್ನು ಕದಿಯುತ್ತದೆ. ಸೀತಾಳೆ ದಂಡೆಯ ಬೇರು ತೊಗಟೆಯನ್ನು ಅಪ್ಪಿಕೊಳ್ಳುತ್ತದೆಯೇ ಹೊರತು ಅದನ್ನು ಸೀಳಿ ಒಳಹೋಗುವುದಿಲ್ಲ. ಮಳೆನೀರು, ಇಬ್ಬನಿ, ತೊಗಟೆಯ ಸಂದಿನಲ್ಲಿ ಕೊಳೆತ ದರಗು, ಇಷ್ಟೇ ಅದರ ಆಹಾರ. ಅಸ್ಸಾಮಿನಲ್ಲಿ ಇದೇ ಹೂವಿಗೆ ಕೊಪೌ ಎಂದು ಹೆಸರು. ಬಿಹು ಕುಣಿತದ ಹೆಣ್ಣುಮಕ್ಕಳು ಅದನ್ನು ತುರುಬಿಗೆ ಮುಡಿಯುತ್ತಾರೆ. ನಮ್ಮವರು ದಂಡೆ ಎಂದು ಕರೆದದ್ದೂ ಮುಡಿಯುವ ಹೂವೆಂದೇ ಇರಬೇಕು.

ಈಗ ಗಿಡವನ್ನು ಕುಂಡದಿಂದ ಬಿಡಿಸಿ ಬೇರು ತೊಳೆಯಿರಿ. ಒಂದೊಂದು ಬೇರನ್ನೂ ಬೆರಳಿನಿಂದ ಒತ್ತಿ ನೋಡಿ: ಕೊಳೆತಿದ್ದರೆ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಕೈಗೆ ಬರುತ್ತದೆ, ಅದನ್ನು ಕತ್ತರಿಸಿ, ಗಟ್ಟಿಯಾಗಿದ್ದರೆ ಮುಟ್ಟಬೇಡಿ. ಒಂದೆರಡು ದಿನ ನೆರಳಿನಲ್ಲಿ ಆರಿಸಿ, ಬಳಿಕ ಮಾವು ಅಥವಾ ಹಲಸಿನ ಒರಟು ತೊಗಟೆಗೆ, ಬೆಳಗಿನ ಎಳೆಬಿಸಿಲು ತಾಗುವ ಕಡೆ, ಹತ್ತಿಬಟ್ಟೆಯ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ. ತೊಗಟೆ ಸುಲಿಯುವ ಪೇರಲೆ ಮರ ಬೇಡ. ಗಿಡ ತುಸು ಹೊರಕ್ಕೆ ವಾಲಿರಲಿ. ಒಂದೇ ತುದಿಯಿಂದ ಬೆಳೆಯುವ ಈ ಗಿಡದ ಸುಳಿಯಲ್ಲಿ ನೀರು ನಿಂತು ಕೊಳೆತರೆ ಮುಂದಿನ ಬೆಳವಣಿಗೆಯೇ ನಿಲ್ಲುತ್ತದೆ.

ಬೇಸಿಗೆಯಲ್ಲಿ ಬೆಳಿಗ್ಗೆ ಬೇರಿಗೆ ನೀರು ಚಿಮುಕಿಸಿದರೆ ಸಾಕು. ಚಳಿಗಾಲದಲ್ಲಿ ಇನ್ನೂ ಕಡಿಮೆ ಮಾಡಿ, ಮಳೆಗಾಲವನ್ನು ಮಳೆಗೇ ಬಿಡಿ. ಸಗಣಿ ಗೊಬ್ಬರ ಖಂಡಿತ ಬೇಡ.

ಮಲೆನಾಡಿನಲ್ಲಿ ಇದು ಸಾಮಾನ್ಯವಾಗಿ ಮೇ, ಜೂನ್ ತಿಂಗಳಲ್ಲಿ ಹೂಬಿಡುತ್ತದೆ. ಬಿಳಿ ಎಸಳಿನ ಮೇಲೆ ನೇರಳೆಗೆಂಪು ಚುಕ್ಕೆಗಳಿರುವ ನೂರಕ್ಕೂ ಹೆಚ್ಚು ಹೂಗಳು ಒಂದೇ ಗೊನೆಯಲ್ಲಿ ನರಿಯ ಬಾಲದಂತೆ ಜೋತುಬೀಳುವುದುಂಟು. ಆದರೆ ಬೇರು ಕಳೆದುಕೊಂಡ ಗಿಡ ಒಂದೆರಡು ವರ್ಷ ಹೂಬಿಡದೇ ಇರಬಹುದು. ಅಷ್ಟರಲ್ಲಿ ಎಲೆಗಳ ಬುಡದಿಂದ ಹಸಿರು ತುದಿಯ ಹೊಸ ಬೇರು ಇಣುಕಿದರೆ ಗಿಡ ಉಳಿದಂತೆಯೇ.